ಹಣ ಕೊಟ್ಟ ಹಾಡು ಯಾರದು? ನಕಲು, ಹಕ್ಕುಸ್ವಾಮ್ಯ ಮತ್ತು ಡಿಜಿಟಲ್ ಬೀಗ

ಹುಬ್ಬಳ್ಳಿಯ ಮಾರುಕಟ್ಟೆಯ ಸಣ್ಣ ಮೊಬೈಲ್ ಅಂಗಡಿಗಳ ಮುಂದೆ ಸಂಜೆ ಸ್ವಲ್ಪ ಹೊತ್ತು ನಿಂತರೆ ಇಂಥ ಮಾತು ಕಿವಿಗೆ ಬೀಳುತ್ತದೆ: "ಅಣ್ಣಾ, ಟ್ರ್ಯಾಕ್ಟರಿಗೆ ಹಾಕಾಕ ಜನಪದ ಹಾಡ ತುಂಬಿ ಕೊಡ್ರಿ." ಅಂಗಡಿಯವನು ಪೆನ್‌ಡ್ರೈವನ್ನು ಕಂಪ್ಯೂಟರಿಗೆ ಚುಚ್ಚಿ, ಮೊದಲೇ ಜೋಡಿಸಿಟ್ಟ ಫೋಲ್ಡರನ್ನು ಎಳೆದು ಹಾಕುತ್ತಾನೆ. ಚಹಾ ಕುಡಿದು ಬರುವಷ್ಟರಲ್ಲಿ ನೂರಾರು ಹಾಡು ತುಂಬಿರುತ್ತವೆ. ಆ ಪೆನ್‌ಡ್ರೈವ್ ಟ್ರ್ಯಾಕ್ಟರಿನಲ್ಲೂ ಹಾಡುತ್ತದೆ, ಟಿವಿಯಲ್ಲೂ ಹಾಡುತ್ತದೆ, ಪಕ್ಕದ ಮನೆಯವರ ಸ್ಪೀಕರಿನಲ್ಲೂ ಹಾಡುತ್ತದೆ. ಅದೇ ಊರಿನಲ್ಲಿ, ವರ್ಷದ ಚಂದಾ ಕಟ್ಟಿ ಸಂಗೀತದ ಆ್ಯಪ್ ಇಟ್ಟುಕೊಂಡವರು, ತಾವು ಡೌನ್‌ಲೋಡ್ ಮಾಡಿದ ಒಂದೇ ಒಂದು ಹಾಡನ್ನು ಕಾರಿನ ಪೆನ್‌ಡ್ರೈವಿಗೆ ಹಾಕಿಕೊಳ್ಳಲಾರರು. ಧಾರವಾಡದಲ್ಲಿ ಹೊಸ ಕಾರು ಕೊಂಡ ಹಿರಿಯರೊಬ್ಬರ ಬಳಿ ಕಪಾಟು ತುಂಬ ಸಿಡಿಗಳಿವೆ, ಆದರೆ ಕಾರಿನಲ್ಲಿ ಸಿಡಿ ತೂರಿಸುವ ಕಿಂಡಿಯೇ ಇಲ್ಲ. ಅವುಗಳನ್ನು ನಕಲು ಮಾಡಿಕೊಂಡರೆ ತಪ್ಪಾದೀತೇ ಎಂಬುದು ಅವರ ಅಳುಕು.

ನಿಯಮದಂತೆ ಹಣ ಕೊಟ್ಟವರಿಗೇ ಏಕೆ ಇಷ್ಟು ತೊಡಕು, ಯಾವ ನಕಲು ಸರಿ, ಯಾವುದು ಅಪರಾಧ ಎಂಬ ಪ್ರಶ್ನೆಗಳು ಈಗ ಪ್ರತಿ ಮನೆಯಲ್ಲೂ ಏಳುತ್ತಿವೆ. ಉತ್ತರ ಎರಡು ಕಡೆ ಹಂಚಿಹೋಗಿದೆ. ಒಂದು ಭಾಗ ಕಾನೂನಿನಲ್ಲಿದೆ, ಇನ್ನೊಂದು ಯಂತ್ರದಲ್ಲಿದೆ, ಮತ್ತು ಇವೆರಡೂ ಗೆರೆ ಎಳೆದಿರುವುದು ಒಂದೇ ಜಾಗದಲ್ಲಿ ಅಲ್ಲ.

ಒಂದು ಹಾಡಿನೊಳಗೆ ಹಲವು ಹಕ್ಕುಗಳು

ಒಂದು ಕೃತಿಯನ್ನು ನಕಲು ಮಾಡುವ, ಮಾರುವ, ಸಾರ್ವಜನಿಕವಾಗಿ ಕೇಳಿಸುವ ಅಥವಾ ತೋರಿಸುವ ಅಧಿಕಾರವನ್ನು ನಿರ್ದಿಷ್ಟ ಅವಧಿಯವರೆಗೆ ಅದರ ಒಡೆಯನಿಗೆ ಮಾತ್ರ ಕೊಡುವ ವ್ಯವಸ್ಥೆಯೇ ಹಕ್ಕುಸ್ವಾಮ್ಯ. ನಮ್ಮ ದೇಶದಲ್ಲಿ ಇದನ್ನು 1957ರ ಹಕ್ಕುಸ್ವಾಮ್ಯ ಕಾಯ್ದೆ ನಿಯಂತ್ರಿಸುತ್ತದೆ. 1958ರ ಜನವರಿ 21ರಿಂದ ಜಾರಿಯಲ್ಲಿರುವ ಈ ಕಾಯ್ದೆಗೆ ಹಲವು ಸಲ ತಿದ್ದುಪಡಿ ಆಗಿದೆ, ಅವುಗಳಲ್ಲಿ 2012ರದು ಇಲ್ಲಿ ಮುಖ್ಯವಾದುದು. ಹಕ್ಕು ಹುಟ್ಟುವುದಕ್ಕೆ ಯಾವ ಕಚೇರಿಯಲ್ಲೂ ನೋಂದಣಿ ಮಾಡಿಸಬೇಕಾಗಿಲ್ಲ. ಕೃತಿ ರಚನೆಯಾದೊಡನೆ ಅದು ತಾನಾಗಿ ಬರುತ್ತದೆ.

ಕೇಳುಗನಿಗೆ ಒಂದೇ ಹಾಡಾಗಿ ಕೇಳಿಸುವುದು ಕಾನೂನಿನ ಕಣ್ಣಿಗೆ ಹಲವು ಕೃತಿಗಳ ಕೂಟ. ಸಾಹಿತ್ಯ ಬರೆದವರ ಹಕ್ಕು ಬೇರೆ, ರಾಗ ಸಂಯೋಜಿಸಿದವರ ಹಕ್ಕು ಬೇರೆ, ಧ್ವನಿಮುದ್ರಣಕ್ಕೆ ಹಣ ಹಾಕಿದ ಸಂಸ್ಥೆಯ ಹಕ್ಕು ಬೇರೆ. ಹಾಡಿದವರಿಗೂ ನುಡಿಸಿದವರಿಗೂ ಪ್ರದರ್ಶಕರ ಹಕ್ಕು ಎಂಬ ಪ್ರತ್ಯೇಕ ಹಕ್ಕಿದೆ. ಹಿಂದೆ ಸಾಹಿತಿ ಮತ್ತು ಸಂಗೀತ ಸಂಯೋಜಕರು ಒಂದು ಇಡಿಗಂಟು ಪಡೆದು ಎಲ್ಲವನ್ನೂ ಬರೆದುಕೊಟ್ಟುಬಿಡುತ್ತಿದ್ದರು. ಚಿತ್ರಮಂದಿರದಲ್ಲಿ ಸಿನಿಮಾದ ಜೊತೆ ಕೇಳಿಸುವುದನ್ನು ಬಿಟ್ಟು ಉಳಿದ ಎಲ್ಲ ಬಳಕೆಗೂ ಅವರಿಗೆ ರಾಯಧನದಲ್ಲಿ ಸಮಪಾಲು ಸಲ್ಲಬೇಕು, ಅದನ್ನು ಬಿಟ್ಟುಕೊಡುವ ಒಪ್ಪಂದ ನಡೆಯದು ಎಂದು 2012ರ ತಿದ್ದುಪಡಿ ಹೇಳಿತು.

ಉತ್ತರ ಕರ್ನಾಟಕದಲ್ಲಿ ಒಂದು ಗೊಂದಲ ಹೆಚ್ಚಾಗಿ ಕಾಣುತ್ತದೆ. ಜನಪದ ಹಾಡು ಯಾರಪ್ಪನ ಸೊತ್ತೂ ಅಲ್ಲ, ಆದ್ದರಿಂದ ಅದನ್ನು ಎಷ್ಟು ಬೇಕಾದರೂ ನಕಲು ಮಾಡಬಹುದು ಎಂಬ ನಂಬಿಕೆ ಅದು. ತಲೆತಲಾಂತರದಿಂದ ಬಂದ ಬೀಸುಕಲ್ಲಿನ ಪದದ ಸಾಹಿತ್ಯಕ್ಕೂ ಧಾಟಿಗೂ ಒಡೆಯರಿಲ್ಲ ಎಂಬುದು ನಿಜ. ಆದರೆ ಅದನ್ನು ಯಾರೋ ಸ್ಟುಡಿಯೊದಲ್ಲಿ ಹಾಡಿ ಮುದ್ರಿಸಿದರೆ ಆ ಮುದ್ರಣಕ್ಕೆ ಒಡೆಯರಿರುತ್ತಾರೆ. ಇನ್ನು ಈಗ 'ಜನಪದ' ಎಂಬ ಹಣೆಪಟ್ಟಿಯಲ್ಲಿ ಬರುವ ಬಹುಪಾಲು ಹಾಡುಗಳನ್ನು ಇಂದಿನವರೇ ಬರೆದಿರುತ್ತಾರೆ, ಅವಕ್ಕೆ ಸಿನಿಮಾ ಹಾಡಿನಷ್ಟೇ ರಕ್ಷಣೆ ಇದೆ.

ಕ್ಯಾಸೆಟ್ ಕೊಂಡವರು ಕೊಂಡದ್ದು ಆ ಒಂದು ಕ್ಯಾಸೆಟ್ಟನ್ನು. ಅದು ಅವರ ಸ್ವಂತ ವಸ್ತು. ಒಳಗಿನ ಹಾಡಿನ ಹಕ್ಕು ಮಾತ್ರ ಎಂದೂ ಕೈಬದಲಾಗಿರಲಿಲ್ಲ.

ಕ್ಯಾಸೆಟ್ಟಿನ ನಕಲು, ಕಂಪ್ಯೂಟರಿನ ನಕಲು

ಫಿಲಿಪ್ಸ್ ಸಂಸ್ಥೆ 1963ರಲ್ಲಿ ಕ್ಯಾಸೆಟ್ ಹೊರತಂದಿತು. ಮುಂದೆ ಟೇಪ್ ರೆಕಾರ್ಡರ್ ನಮ್ಮ ಮನೆಗಳಿಗೆ ಬಂದಾಗ, 1950ರಿಂದ ಪ್ರಸಾರ ಮಾಡುತ್ತಿರುವ ಧಾರವಾಡ ಆಕಾಶವಾಣಿಯ ಭಾವಗೀತೆಗಳನ್ನು ರೇಡಿಯೊದಿಂದ ಟೇಪಿಗಿಳಿಸುವುದು ಮನೆಮನೆಯ ಹವ್ಯಾಸವಾಯಿತು. ಆ ನಕಲಿಗೆ ಒಂದು ಸಹಜ ಮಿತಿಯಿತ್ತು. ಕ್ಯಾಸೆಟ್ಟಿನಿಂದ ಕ್ಯಾಸೆಟ್ಟಿಗೆ ಇಳಿಸಿದಂತೆಲ್ಲ ಸರ್ರೆನ್ನುವ ಸದ್ದು ಹೆಚ್ಚುತ್ತಿತ್ತು, ತಬಲಾದ ಬೋಲು ಮಂಕಾಗುತ್ತಿತ್ತು, ಮೂರನೆಯ ನಾಲ್ಕನೆಯ ನಕಲಿನ ಹೊತ್ತಿಗೆ ಕೇಳುವವರಿಗೇ ಬೇಸರ ಬರುತ್ತಿತ್ತು. ಒಂದು ಗಂಟೆಯ ಹಾಡನ್ನು ನಕಲು ಮಾಡಲು ಸಾಮಾನ್ಯವಾಗಿ ಒಂದು ಗಂಟೆಯೇ ಬೇಕಾಗುತ್ತಿತ್ತು. ಹಾಗೆ ನೋಡಿದರೆ ಅಂದು ನಕಲಿಗೆ ಕಡಿವಾಣ ಹಾಕಿದ್ದು ಕಾನೂನಿಗಿಂತ ಹೆಚ್ಚಾಗಿ ಟೇಪಿನ ಸ್ವಭಾವವೇ.

1982ರಲ್ಲಿ ಬಂದ ಸಿಡಿ ಈ ಮಿತಿಯನ್ನು ತೆಗೆದುಹಾಕಿತು. ಸಿಡಿಯಲ್ಲಿ ಇರುವುದು ಸದ್ದಿನ ಅಚ್ಚಲ್ಲ, ಅಂಕಿಗಳು. ಧ್ವನಿಯ ಅಲೆಯನ್ನು ಒಂದು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ ಒಂದು ಸಂಖ್ಯೆಯಾಗಿ ಬರೆದಿಡಲಾಗುತ್ತದೆ. ಒಂದು ನಿಮಿಷದ ಹಾಡಿಗೆ ಸುಮಾರು 10 ಎಂಬಿ ಜಾಗ ಬೇಕು. ಸಂಖ್ಯೆಯನ್ನು ನಕಲು ಮಾಡಿದಾಗ ಅದು ಮಾಸುವುದಿಲ್ಲ, ಹೀಗಾಗಿ ಸಾವಿರದ ನಕಲಿಗೂ ಮೂಲಕ್ಕೂ ಎಳ್ಳಷ್ಟೂ ವ್ಯತ್ಯಾಸವಿರುವುದಿಲ್ಲ. ಕಿವಿ ಅಷ್ಟಾಗಿ ಗುರುತಿಸದ ವಿವರಗಳನ್ನು ಕೈಬಿಟ್ಟು ಗಾತ್ರವನ್ನು ಹೆಚ್ಚುಕಡಿಮೆ ಹತ್ತನೆಯ ಒಂದು ಭಾಗಕ್ಕೆ ಇಳಿಸುವ ಎಂಪಿ3 ವಿಧಾನ 1990ರ ದಶಕದಲ್ಲಿ ಬಂದ ಮೇಲೆ ಹಾಡು ಇಂಟರ್ನೆಟ್ಟಿನಲ್ಲಿ ಹರಿದಾಡುವಷ್ಟು ಹಗುರವಾಯಿತು. ಅಮೆರಿಕದಲ್ಲಿ 1999ರಲ್ಲಿ ಆರಂಭವಾದ ನ್ಯಾಪ್‌ಸ್ಟರ್ ಎಂಬ ವಿನಿಮಯ ಸೇವೆ ಎರಡೇ ವರ್ಷದಲ್ಲಿ ನ್ಯಾಯಾಲಯದ ಆದೇಶದಿಂದ ಬಾಗಿಲು ಮುಚ್ಚಿತಾದರೂ ಜನರಿಗೆ ದಾರಿ ಗೊತ್ತಾಗಿಬಿಟ್ಟಿತ್ತು.

ನಿರ್ಮಾಪಕರ ಕಡೆಯಿಂದಲೂ ಇದನ್ನು ನೋಡಬೇಕು. ಸಿನಿಮಾದ ಮೊದಲ ಪ್ರತಿ ತಯಾರಿಸಲು ಕೋಟಿಗಟ್ಟಲೆ ಖರ್ಚಾಗುತ್ತದೆ, ಎರಡನೆಯ ಪ್ರತಿಗೆ ಬಿಡಿಗಾಸೂ ಬೇಡ. ಬಿಡುಗಡೆಯಾದ ಶುಕ್ರವಾರದ ಸಂಜೆಯೇ ಟೆಲಿಗ್ರಾಂ ಗುಂಪಿನಲ್ಲಿ ಸಿನಿಮಾ ಸಿಕ್ಕರೆ ಸಾಲ ಮಾಡಿ ಚಿತ್ರ ತೆಗೆದ ಕನ್ನಡದ ಸಣ್ಣ ನಿರ್ಮಾಪಕನಿಗೆ ಎರಡನೆಯ ವಾರ ಬರುವುದೇ ಇಲ್ಲ. ಟೇಪಿನ ಸಹಜ ಮಿತಿ ಹೋದ ಮೇಲೆ ಕೃತಕವಾದ ಮಿತಿಯೊಂದು ಬೇಕೆಂದು ಉದ್ಯಮ ಹುಡುಕಿಕೊಂಡದ್ದೇ ಡಿಜಿಟಲ್ ಬೀಗ.

ಬೀಗ ಹೇಗೆ ಕೆಲಸ ಮಾಡುತ್ತದೆ

ಇದನ್ನು ಡಿಜಿಟಲ್ ಹಕ್ಕು ನಿರ್ವಹಣೆ, ಚಿಕ್ಕದಾಗಿ ಡಿಆರ್‌ಎಂ ಎನ್ನುತ್ತಾರೆ. ಹಾಡಿನ ಅಥವಾ ಸಿನಿಮಾದ ಅಂಕಿಗಳನ್ನು ಗೂಢಲಿಪಿಗೆ ತಿರುಗಿಸಿ ಕಳಿಸಲಾಗುತ್ತದೆ. ಅದನ್ನು ಬಿಡಿಸುವ ಕೀಲಿ ಪ್ರತ್ಯೇಕವಾಗಿ, ಸಂಸ್ಥೆಯ ಸರ್ವರಿನಿಂದ, ಒಪ್ಪಿಗೆ ಪಡೆದ ಆ್ಯಪ್ ಅಥವಾ ಸಾಧನಕ್ಕೆ ಮಾತ್ರ ಬರುತ್ತದೆ. ಕೀಲಿಯ ಜೊತೆಗೆ ಷರತ್ತುಗಳೂ ಬರುತ್ತವೆ: ಎಷ್ಟು ದಿನ, ಎಷ್ಟು ಸಾಧನ, ಯಾವ ದೇಶ, ಎಷ್ಟು ಸ್ಪಷ್ಟತೆ.

ನಮ್ಮ ರೈತರಿಗೆ ಇದು ಹೊಸ ಅನುಭವವೇನಲ್ಲ. ಜವಾರಿ ಜೋಳ ಬೆಳೆದವರು ಒಳ್ಳೆಯ ತೆನೆಗಳನ್ನು ಆರಿಸಿಟ್ಟು ಮುಂದಿನ ವರ್ಷ ಅದನ್ನೇ ಬಿತ್ತುತ್ತಾರೆ, ಬೇಕೆಂದವರಿಗೆ ಒಂದು ಬೊಗಸೆ ಕೊಡುತ್ತಾರೆ. ಹೈಬ್ರಿಡ್ ಬೆಳೆದವರೂ ಕಾಳು ಎತ್ತಿಡಲು ಯಾರ ಅಡ್ಡಿಯೂ ಇಲ್ಲ, ಆದರೆ ಅದನ್ನು ಬಿತ್ತಿದರೆ ಮೊದಲಿನ ಇಳುವರಿ ಬಾರದು, ಪ್ರತಿ ವರ್ಷ ಹೊಸ ಬೀಜದ ಚೀಲವನ್ನೇ ಕೊಳ್ಳಬೇಕು. ಡಿಆರ್‌ಎಂ ಇರುವ ಕಡತವೂ ಹೀಗೆಯೇ. ಆ್ಯಪಿನೊಳಗೆ ಡೌನ್‌ಲೋಡ್ ಮಾಡಿದ ಹಾಡು ಫೋನಿನ ಮೆಮೊರಿಯಲ್ಲಿ ಜಾಗ ತಿನ್ನುತ್ತ ಕುಳಿತಿರುವುದು ನಿಜ, ಅದನ್ನು ಹುಡುಕಿ ಪೆನ್‌ಡ್ರೈವಿಗೆ ನಕಲಿಸುವುದೂ ಕೆಲವೊಮ್ಮೆ ಸಾಧ್ಯ, ಆದರೆ ಕೀಲಿ ಇಲ್ಲದ ಕಡೆ ಅದು ಮೊಳೆಯುವುದಿಲ್ಲ.

ಇಂಥ ಬೀಗಗಳಿಗೆ ಒಂದು ಉದ್ದ ಚರಿತ್ರೆ ಇದೆ. ಡಿವಿಡಿಗಳಲ್ಲಿ ಗೂಢಲಿಪಿಯ ಜೊತೆಗೆ ಪ್ರದೇಶ ಸಂಖ್ಯೆ ಎಂಬುದಿತ್ತು. ಅಮೆರಿಕ 1ನೆಯ ಪ್ರದೇಶ, ಭಾರತ 5ನೆಯದು. ಅಮೆರಿಕದಲ್ಲಿರುವ ಮಗ ಹಣ ಕೊಟ್ಟು ಕೊಂಡು ತಂದ ಅಸಲಿ ಡಿವಿಡಿ ಹುಬ್ಬಳ್ಳಿಯ ವಿದ್ಯಾನಗರದ ಮನೆಯ ಪ್ಲೇಯರಿನಲ್ಲಿ ಓಡದೇ ಹೋದರೆ ಅದಕ್ಕೆ ಡಿಸ್ಕಿನ ದೋಷ ಕಾರಣವಲ್ಲ, ಈ ಸಂಖ್ಯೆ ಕಾರಣ. ಕಂಪ್ಯೂಟರಿನ ಡಿವಿಡಿ ಡ್ರೈವಿನಲ್ಲಿ ಪ್ರದೇಶವನ್ನು ಸಾಮಾನ್ಯವಾಗಿ ಐದು ಸಲ ಮಾತ್ರ ಬದಲಿಸಲು ಬಿಡುತ್ತಿದ್ದರು, ಆಮೇಲೆ ಅದು ಕೊನೆಯ ಸಂಖ್ಯೆಗೇ ಅಂಟಿಕೊಳ್ಳುತ್ತಿತ್ತು. ಇದರ ಮೇಲೆ, ನಕಲು ಅಪರಾಧ ಎಂಬ ಎಚ್ಚರಿಕೆಯ ಫಲಕವನ್ನು ಓಡಿಸಿ ಮುಂದಕ್ಕೆ ಹೋಗಲು ರಿಮೋಟಿನ ಗುಂಡಿ ಕೆಲಸ ಮಾಡುತ್ತಿರಲಿಲ್ಲ. ಪ್ರತಿ ಸಲವೂ ಆ ಫಲಕವನ್ನು ನೋಡಬೇಕಾಗಿದ್ದವರು ಅಸಲಿ ಡಿಸ್ಕ್ ಕೊಂಡವರು. ನಕಲಿ ಡಿಸ್ಕಿನಲ್ಲಿ ಅದನ್ನು ಕತ್ತರಿಸಿಯೇ ಹಾಕಿರುತ್ತಿದ್ದರು!

ಡಿವಿಡಿಯ ಬೀಗವನ್ನು ಬಿಡಿಸುವ ಪುಟ್ಟ ತಂತ್ರಾಂಶ 1999ರಲ್ಲೇ ಹೊರಬಂತು. ಅದರಲ್ಲಿ ಕೈಯಿದ್ದ ನಾರ್ವೆಯ ಹದಿಹರೆಯದ ಹುಡುಗನೊಬ್ಬನ ಮೇಲೆ ಮೊಕದ್ದಮೆ ನಡೆದು, 2003ರಲ್ಲಿ ಅಲ್ಲಿನ ನ್ಯಾಯಾಲಯಗಳು ಅವನನ್ನು ಖುಲಾಸೆ ಮಾಡಿದವು. 2005ರಲ್ಲಿ ಸೋನಿ ಬಿಎಂಜಿ ಸಂಸ್ಥೆ ತನ್ನ ಕೆಲವು ಸಂಗೀತದ ಸಿಡಿಗಳಲ್ಲಿ ನಕಲು ತಡೆಯುವ ತಂತ್ರಾಂಶ ಸೇರಿಸಿತು; ಅದು ಕೊಂಡವರ ಕಂಪ್ಯೂಟರಿನೊಳಗೆ ಗುಟ್ಟಾಗಿ ಅವಿತು ಕೂತು, ವೈರಸ್ಸುಗಳಿಗೂ ಅವಿತುಕೊಳ್ಳುವ ಜಾಗ ಮಾಡಿಕೊಟ್ಟದ್ದು ಬಯಲಾದಾಗ ಆ ಸಿಡಿಗಳನ್ನು ಹಿಂದಕ್ಕೆ ಪಡೆಯಬೇಕಾಯಿತು. ಆ್ಯಪಲ್ ಸಂಸ್ಥೆಯ ಐಟ್ಯೂನ್ಸ್ ಅಂಗಡಿ ತಾನು ಮಾರುವ ಹಾಡುಗಳ ಬೀಗವನ್ನು 2009ರಲ್ಲಿ ತೆಗೆದುಹಾಕಿತು. ಹಾಡುಗಳನ್ನು ಬಿಡಿಬಿಡಿಯಾಗಿ ಕೊಳ್ಳುವವರ ಪಾಲಿಗೆ ಅಲ್ಲಿಗೆ ಸಮಸ್ಯೆ ತೀರಿದಂತೆಯೇ ಆಗಿತ್ತು. ಆದರೆ ಕೊಳ್ಳುವ ಪದ್ಧತಿಯೇ ಹಿಂದೆ ಸರಿದು ಚಂದಾ ಪದ್ಧತಿ ಬಂದಾಗ ಬೀಗ ಮತ್ತೆ ಮರಳಿತು.

ಇಂದಿನ ಬೀಗಗಳಲ್ಲಿ ನಮ್ಮ ಓದುಗರಿಗೆ ಹೆಚ್ಚು ಕಾಡುವುದು ಆಂಡ್ರಾಯ್ಡ್ ಫೋನುಗಳಲ್ಲಿರುವ ವೈಡ್‌ವೈನ್. ಇದರಲ್ಲಿ ಭದ್ರತೆಯ ಮಟ್ಟಗಳಿವೆ. ಫೋನಿನ ಚಿಪ್ಪಿನಲ್ಲೇ ಇರುವ ಸುರಕ್ಷಿತ ಭಾಗದಲ್ಲಿ ಗೂಢಲಿಪಿ ಬಿಡಿಸುವುದಾದರೆ ಅದು ಎಲ್1. ಎಲ್ಲವನ್ನೂ ತಂತ್ರಾಂಶವೇ ಮಾಡುವುದಾದರೆ ಅದು ಎಲ್3. ಎಲ್3 ಇರುವ ಫೋನಿಗೆ ಹಲವು ವಿಡಿಯೊ ಸೇವೆಗಳು 480 ಗೆರೆಗಳ ಆಸುಪಾಸಿನ ಮಸುಕು ಚಿತ್ರವನ್ನಷ್ಟೇ ಕಳಿಸುತ್ತವೆ. ಪರದೆ ಎಷ್ಟೇ ಚೆನ್ನಾಗಿರಲಿ, ಎಚ್‌ಡಿ ಯೋಜನೆಗೆ ಹಣ ಕಟ್ಟಿರಲಿ, ಇಂಟರ್ನೆಟ್ ಎಷ್ಟೇ ವೇಗವಾಗಿರಲಿ, ಫಲಿತಾಂಶ ಅದೇ. ಗ್ರಾಹಕ ಸಹಾಯವಾಣಿಗೆ ಕರೆ ಮಾಡಿದರೆ "ನಿಮ್ಮ ನೆಟ್‌ವರ್ಕ್ ನೋಡಿಕೊಳ್ಳಿ" ಎಂಬ ಉತ್ತರ ಬರುವುದುಂಟು. ಪ್ಲೇಸ್ಟೋರಿನಲ್ಲಿ ಸಿಗುವ ಡಿಆರ್‌ಎಂ ಮಾಹಿತಿ ತೋರಿಸುವ ಉಚಿತ ಆ್ಯಪ್ ಒಂದನ್ನು ಹಾಕಿಕೊಂಡು 'ಸೆಕ್ಯುರಿಟಿ ಲೆವೆಲ್' ಎಂಬ ಸಾಲನ್ನು ನೋಡಿದರೆ ನಿಜಸ್ಥಿತಿ ಅರೆನಿಮಿಷದಲ್ಲಿ ತಿಳಿಯುತ್ತದೆ.

ಎರಡನೆಯದು ಎಚ್‌ಡಿಸಿಪಿ. ಲ್ಯಾಪ್‌ಟಾಪಿನಿಂದ ಟಿವಿಗೋ ಪ್ರೊಜೆಕ್ಟರಿಗೋ ಎಚ್‌ಡಿಎಂಐ ತಂತಿ ಹಾಕಿದಾಗ ಎರಡು ಯಂತ್ರಗಳೂ ಪರಸ್ಪರ ಗುರುತು ಕೇಳಿಕೊಳ್ಳುತ್ತವೆ. ಪ್ರೊಜೆಕ್ಟರ್ ಹಳೆಯದಾಗಿದ್ದು ಸರಿಯಾದ ಉತ್ತರ ಕೊಡದಿದ್ದರೆ ಪರದೆ ಕಪ್ಪಾಗುತ್ತದೆ, ಮಾತು ಮಾತ್ರ ಕೇಳಿಸುತ್ತಿರುವುದೂ ಉಂಟು. ಫೋನಿನ ಪರದೆಯನ್ನು ರೆಕಾರ್ಡ್ ಮಾಡಲು ಹೋದಾಗ ಬರುವ ಕಪ್ಪು ಚೌಕವೂ ಇದೇ ಬಳಗದ್ದು.

ನಿನ್ನೆ ಇದ್ದ ಸಿನಿಮಾ ಇಂದು ಏಕೆ ಇಲ್ಲ

ಒಟಿಟಿ ಸೇವೆಗಳು ತಾವೇ ನಿರ್ಮಿಸದ ಸಿನಿಮಾಗಳನ್ನು ಬಹುಮಟ್ಟಿಗೆ ನಿರ್ದಿಷ್ಟ ಅವಧಿಗೆ ಪರವಾನಗಿಯ ಮೇಲೆ ಪಡೆದಿರುತ್ತವೆ. ಅವಧಿ ಮುಗಿದು ನವೀಕರಣವಾಗದಿದ್ದರೆ ಸಿನಿಮಾ ಪಟ್ಟಿಯಿಂದ ಇಳಿಯುತ್ತದೆ, ಫೋನಿನಲ್ಲಿ ಡೌನ್‌ಲೋಡ್ ಮಾಡಿಟ್ಟಿದ್ದರೆ ಅದರ ಕೀಲಿಯೂ ರದ್ದಾಗುತ್ತದೆ. ಹಾಡುಗಳಿಗೂ ಇದೇ ನಿಯಮ. ಆಡಿಯೊ ಸಂಸ್ಥೆಗೂ ಆ್ಯಪಿಗೂ ಮಾತು ಮುರಿದರೆ ಬಳಕೆದಾರರು ಜೋಡಿಸಿಟ್ಟ ಪ್ಲೇಲಿಸ್ಟಿನಲ್ಲಿ ಕೆಲವು ಹಾಡುಗಳು ಬೂದು ಬಣ್ಣಕ್ಕೆ ತಿರುಗುತ್ತವೆ.

ಚಂದಾದಾರರಿಗೆ ಇದು ಒಂದು ಮಟ್ಟಿಗೆ ಅರ್ಥವಾಗುತ್ತದೆ, ಏಕೆಂದರೆ ಅವರು ಕೊಟ್ಟದ್ದು ತಿಂಗಳ ಹಣ. 'ಖರೀದಿಸಿ' ಎಂಬ ಗುಂಡಿ ಒತ್ತಿ ಕೊಂಡವರ ಸ್ಥಿತಿ ಇನ್ನೂ ವಿಚಿತ್ರ. 2009ರ ಜುಲೈಯಲ್ಲಿ ಅಮೆಜಾನ್, ಗ್ರಾಹಕರು ಹಣ ಕೊಟ್ಟು ಕೊಂಡಿದ್ದ ಜಾರ್ಜ್ ಆರ್ವೆಲ್ ಅವರ ಕೆಲವು ಇ-ಪುಸ್ತಕಗಳನ್ನು ಅವರ ಕಿಂಡಲ್ ಯಂತ್ರಗಳಿಂದ ದೂರದಲ್ಲಿ ಕುಳಿತೇ ಅಳಿಸಿಹಾಕಿತು. ಆ ಪ್ರತಿಗಳನ್ನು ಮಾರಿದವರಿಗೆ ಹಕ್ಕೇ ಇರಲಿಲ್ಲ ಎಂಬುದು ಕಾರಣ. ಹಣ ಮರಳಿತು, ಸಂಸ್ಥೆ ಕ್ಷಮೆಯನ್ನೂ ಕೇಳಿತು. ಆದರೆ ಕೊಂಡ ವಸ್ತುವಿನ ಮೇಲೆ ಅಂಗಡಿಯವನ ಕೈ ಇನ್ನೂ ಇದೆ ಎಂಬುದನ್ನು ಜಗತ್ತು ಅಂದು ಕಂಡಿತು. ಹಳೆಯ ಪುಸ್ತಕದಂಗಡಿಯವನು ರಾತ್ರಿ ಮನೆಗೆ ಬಂದು ಕಪಾಟಿನಿಂದ ಪುಸ್ತಕ ಒಯ್ಯಲು ಯಾವ ಕಾನೂನೂ ಅವಕಾಶ ಕೊಡುವುದಿಲ್ಲ.

2012ರ ತಿದ್ದುಪಡಿ ತೆರೆದ ಬಾಗಿಲು, ಹಾಕಿದ ಅಗಳಿ

ಹಕ್ಕುಸ್ವಾಮ್ಯ ಕಾಯ್ದೆಯ 52ನೆಯ ಕಲಂ ಯಾವುದು ಉಲ್ಲಂಘನೆಯಲ್ಲ ಎಂಬುದನ್ನು ಪಟ್ಟಿ ಮಾಡುತ್ತದೆ. ಅದರ ಮೊದಲ ಉಪಕಲಂ, ಸಂಶೋಧನೆಯೂ ಸೇರಿದಂತೆ ಖಾಸಗಿ ಅಥವಾ ವೈಯಕ್ತಿಕ ಉಪಯೋಗಕ್ಕಾಗಿ, ವಿಮರ್ಶೆಗಾಗಿ ಮತ್ತು ಪ್ರಚಲಿತ ವಿದ್ಯಮಾನಗಳ ವರದಿಗಾಗಿ ಕೃತಿಯನ್ನು ನ್ಯಾಯಯುತವಾಗಿ ಬಳಸಬಹುದು ಎನ್ನುತ್ತದೆ. 2012ಕ್ಕೆ ಮೊದಲು ಈ ವಿನಾಯಿತಿ ಸಾಹಿತ್ಯ, ನಾಟಕ, ಸಂಗೀತ ಮತ್ತು ಕಲಾಕೃತಿಗಳಿಗೆ ಸೀಮಿತವಾಗಿತ್ತು. ಧ್ವನಿಮುದ್ರಿಕೆ ಮತ್ತು ಸಿನಿಮಾ ಅದರೊಳಗೆ ಇರಲಿಲ್ಲ. ಅಂದರೆ, ಒಂದು ಇಡೀ ತಲೆಮಾರು ಮನೆಯಲ್ಲಿ ಕ್ಯಾಸೆಟ್ ನಕಲು ಮಾಡಿಕೊಂಡಾಗ ಕಾನೂನಿನ ಸ್ಪಷ್ಟ ಆಸರೆ ಅದಕ್ಕೆ ಇರಲಿಲ್ಲ, ಯಾರೂ ಕೇಳಲು ಬರಲಿಲ್ಲ ಅಷ್ಟೆ. 2012ರಲ್ಲಿ ಕಂಪ್ಯೂಟರ್ ತಂತ್ರಾಂಶವನ್ನು ಬಿಟ್ಟು ಎಲ್ಲ ಬಗೆಯ ಕೃತಿಗಳಿಗೂ ವಿನಾಯಿತಿ ವಿಸ್ತರಿಸಿತು, ಈ ಉದ್ದೇಶಗಳಿಗಾಗಿ ಕೃತಿಯನ್ನು ಎಲೆಕ್ಟ್ರಾನಿಕ್ ಮಾಧ್ಯಮದಲ್ಲಿ ಸಂಗ್ರಹಿಸುವುದು ಉಲ್ಲಂಘನೆಯಲ್ಲ ಎಂಬ ವಿವರಣೆಯೂ ಸೇರಿತು.

ಹೀಗಾಗಿ ಧಾರವಾಡದ ಹಿರಿಯರು ತಾವು ಕೊಂಡ ಸಿಡಿಯ ಹಾಡುಗಳನ್ನು ತಮ್ಮ ಕಾರಿನಲ್ಲಿ ಕೇಳಲು ಪೆನ್‌ಡ್ರೈವಿಗೆ ಇಳಿಸಿಕೊಂಡರೆ ಅದು ಈ ವಿನಾಯಿತಿಯ ನೆರಳಿನಲ್ಲೇ ಬರುತ್ತದೆ. ಸಾಮಾನ್ಯ ಸಂಗೀತದ ಸಿಡಿಗಳಿಗೆ ಬೀಗವೂ ಇರುವುದಿಲ್ಲ. 'ನ್ಯಾಯಯುತ' ಎಂದರೆ ಎಷ್ಟು ಎಂಬುದಕ್ಕೆ ಕಾಯ್ದೆ ಅಳತೆಗೋಲು ಕೊಟ್ಟಿಲ್ಲ; ಅದನ್ನು ನ್ಯಾಯಾಲಯ ಆಯಾ ಪ್ರಕರಣ ನೋಡಿ ನಿರ್ಧರಿಸುತ್ತದೆ. ಒಬ್ಬರು ತಮಗಾಗಿ ಮಾಡಿಕೊಂಡ ಒಂದು ಪ್ರತಿ ಬೇರೆ, ಇಡೀ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿಗೆ ಹಂಚಿದ್ದು ಬೇರೆ.

ಅದೇ ತಿದ್ದುಪಡಿ 65ಎ ಎಂಬ ಹೊಸ ಕಲಂ ಒಂದನ್ನೂ ತಂದಿತು. ಹಕ್ಕುಗಳ ರಕ್ಷಣೆಗಾಗಿ ಅಳವಡಿಸಿದ ತಾಂತ್ರಿಕ ತಡೆಯನ್ನು, ಆ ಹಕ್ಕುಗಳನ್ನು ಉಲ್ಲಂಘಿಸುವ ಉದ್ದೇಶದಿಂದ ಭೇದಿಸಿದವರಿಗೆ ಎರಡು ವರ್ಷದವರೆಗೆ ಸೆರೆವಾಸ ಮತ್ತು ದಂಡ ವಿಧಿಸಬಹುದು. ಇಲ್ಲಿ ಉದ್ದೇಶ ಎಂಬ ಮಾತಿಗೆ ತೂಕವಿದೆ. ಅಮೆರಿಕದ 1998ರ ಕಾನೂನಿನಲ್ಲಿ, ಕೆಲವು ವಿನಾಯಿತಿಗಳನ್ನು ಬಿಟ್ಟರೆ, ಬೀಗ ಒಡೆಯುವುದೇ ತಪ್ಪು. ನಮ್ಮಲ್ಲಿ ಕಾಯ್ದೆ ನಿಷೇಧಿಸದ ಕೆಲಸಕ್ಕಾಗಿ ಬೀಗ ತೆಗೆದರೆ ಈ ಕಲಂ ಅಡ್ಡ ಬರುವುದಿಲ್ಲ ಎಂದು ಅದರ ಎರಡನೆಯ ಭಾಗವೇ ಹೇಳುತ್ತದೆ. ಆದರೆ ಇನ್ನೊಬ್ಬರಿಗೆ ಬೀಗ ತೆಗೆದುಕೊಡುವವರು ಅವರ ಹೆಸರು, ವಿಳಾಸ ಮತ್ತು ಉದ್ದೇಶದ ದಾಖಲೆ ಇಟ್ಟಿರಬೇಕು. ಇಂಥ ದಾಖಲೆ ಪುಸ್ತಕ ಇಟ್ಟ ಮೊಬೈಲ್ ಅಂಗಡಿಯನ್ನು ಕಂಡವರು ವಿರಳ.

ಕಾಗದದ ಮೇಲೆ ಇಷ್ಟು ಅವಕಾಶವಿದ್ದರೂ ಗ್ರಾಹಕನ ಕೈಗೆ ಅದು ಸಿಗದಿರುವುದಕ್ಕೆ ಕಾರಣ ಸರಳವಾಗಿದೆ. ಬೀಗಕ್ಕೆ 52ನೆಯ ಕಲಂ ಗೊತ್ತಿಲ್ಲ. ಕೇಳುವವರು ಕಳ್ಳ ವ್ಯಾಪಾರಿಯೋ, ಪಾಠಕ್ಕಾಗಿ ಎರಡು ನಿಮಿಷದ ತುಣುಕು ಬೇಕಾದ ಶಿಕ್ಷಕಿಯೋ ಎಂದು ಅದು ವಿಚಾರಿಸುವುದಿಲ್ಲ. ಇದು ಅತಿ ಚುರುಕಾಗಿ ತಟ್ಟುವುದು ಅಂಗವಿಕಲರಿಗೆ. ಗದುಗಿನ ವೀರೇಶ್ವರ ಪುಣ್ಯಾಶ್ರಮ, ಪಂಚಾಕ್ಷರಿ ಗವಾಯಿಗಳ ಮತ್ತು ಪುಟ್ಟರಾಜ ಗವಾಯಿಗಳ ಕಾಲದಿಂದ ಅಂಧ ವಿದ್ಯಾರ್ಥಿಗಳಿಗೆ ಸಂಗೀತ ಕಲಿಸುತ್ತ ಬಂದಿದೆ. ಇಂಥ ವಿದ್ಯಾರ್ಥಿಗಳಿಗಾಗಿ ಕೃತಿಯನ್ನು ಅವರು ಬಳಸಬಲ್ಲ ರೂಪಕ್ಕೆ ಪರಿವರ್ತಿಸಲು ಅದೇ 52ನೆಯ ಕಲಂ ಅನುಮತಿ ಕೊಡುತ್ತದೆ. ಅಂಧರಿಗೆ ಪುಸ್ತಕಗಳನ್ನು ಒದಗಿಸುವ ಮರಾಕೇಶ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶ ಭಾರತ. ಹಾಗಿದ್ದೂ ಇ-ಪುಸ್ತಕದ ಬೀಗ, ಪರದೆ ಓದುವ ತಂತ್ರಾಂಶವನ್ನು ಒಳಗೆ ಬಿಡದಿದ್ದರೆ ಆ ಅನುಮತಿ ಕಾಯ್ದೆಯ ಪುಟದಲ್ಲೇ ಉಳಿಯುತ್ತದೆ.

ಇನ್ನೊಂದು ಸಂಗತಿಯನ್ನೂ ಮರೆಯಬಾರದು. ಆ್ಯಪ್ ಹಾಕಿಕೊಳ್ಳುವಾಗ ಓದದೆ ಒತ್ತಿದ 'ಒಪ್ಪಿದ್ದೇನೆ' ಎಂಬ ಗುಂಡಿ ಒಂದು ಒಪ್ಪಂದ. ಕಾಯ್ದೆಯಡಿ ಅಪರಾಧವಲ್ಲದ ಕೆಲಸಕ್ಕೂ ಆ ಒಪ್ಪಂದ ಮುರಿದಿರೆಂದು ಸಂಸ್ಥೆ ಖಾತೆಯನ್ನು ಮುಚ್ಚಬಹುದು.

ಮನೆಯ ಹೊಸಿಲು ದಾಟಿದಾಗ

ಹಣ ಪಡೆದು ಪೆನ್‌ಡ್ರೈವ್ ತುಂಬಿಕೊಡುವ ಅಂಗಡಿಗೆ ವೈಯಕ್ತಿಕ ಉಪಯೋಗದ ವಿನಾಯಿತಿ ಅನ್ವಯಿಸುವುದಿಲ್ಲ. 63ನೆಯ ಕಲಮಿನಡಿ ಶಿಕ್ಷೆ ಆರು ತಿಂಗಳಿಂದ ಮೂರು ವರ್ಷದ ಸೆರೆವಾಸ ಮತ್ತು 50,000 ರೂಪಾಯಿಯಿಂದ 2 ಲಕ್ಷದವರೆಗೆ ದಂಡ. ಇದು ವಾರಂಟ್ ಇಲ್ಲದೆ ಬಂಧಿಸಬಹುದಾದ, ಜಾಮೀನುರಹಿತ ಅಪರಾಧ ಎಂದು ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಕರ್ನಾಟಕದಲ್ಲಿ ಇದರ ಮೇಲೆ ಇನ್ನೊಂದು ಪದರವೂ ಇದೆ. ಜನರ ಬಾಯಲ್ಲಿ ಗೂಂಡಾ ಕಾಯ್ದೆ ಎನಿಸಿಕೊಂಡ 1985ರ ಕಾನೂನಿಗೆ 2014ರಲ್ಲಿ ಡಿಜಿಟಲ್ ಅಪರಾಧಿಗಳನ್ನೂ ಸೇರಿಸಲಾಗಿದ್ದು, ಮುನ್ನೆಚ್ಚರಿಕೆಯ ಬಂಧನಕ್ಕೆ ಅವಕಾಶವಿದೆ.

ಚಿತ್ರಮಂದಿರದ ನಿಯಮ 2023ರಲ್ಲಿ ಬಿಗಿಯಾಯಿತು. ಸಿನಿಮಾಟೊಗ್ರಾಫ್ ಕಾಯ್ದೆಯ ತಿದ್ದುಪಡಿಯ ಪ್ರಕಾರ, ಅಕ್ರಮ ಪ್ರತಿ ತಯಾರಿಸುವ ಉದ್ದೇಶದಿಂದ ಸಿನಿಮಾವನ್ನು ಅಥವಾ ಅದರ ಭಾಗವನ್ನು ಚಿತ್ರೀಕರಿಸಿದರೆ ಮೂರು ತಿಂಗಳಿಂದ ಮೂರು ವರ್ಷದ ಸೆರೆವಾಸ ಮತ್ತು ಕನಿಷ್ಠ 3 ಲಕ್ಷ ರೂಪಾಯಿ ದಂಡ. ಗರಿಷ್ಠ ಮಿತಿ ಚಿತ್ರದ ಲೆಕ್ಕಪರಿಶೋಧಿತ ನಿರ್ಮಾಣ ವೆಚ್ಚದ ಶೇ 5. ಹೀರೊ ಪರದೆಗೆ ಬಂದ ಕ್ಷಣ ಶಿಳ್ಳೆಯ ನಡುವೆ ಫೋನು ಎತ್ತಿ ಸ್ಟೇಟಸ್ಸಿಗಾಗಿ ಅರ್ಧ ನಿಮಿಷ ಹಿಡಿಯುವ ಹುಡುಗರು 'ಅದರ ಭಾಗ' ಎಂಬ ಪದಗಳನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಮದುವೆಯ ಮಾತು ಬೇರೆ. ಧಾರ್ಮಿಕ ಸಮಾರಂಭಗಳಲ್ಲಿ ಹಾಡು ಕೇಳಿಸುವುದು ಉಲ್ಲಂಘನೆಯಲ್ಲ, ಮದುವೆಯ ಮೆರವಣಿಗೆ ಮತ್ತು ಅದಕ್ಕೆ ಸಂಬಂಧಿಸಿದ ಇತರ ಸಾಮಾಜಿಕ ಸಂಭ್ರಮಗಳೂ ಇದರೊಳಗೆ ಬರುತ್ತವೆ ಎಂದು ಕಾಯ್ದೆಯಲ್ಲೇ ಇದೆ. ಕಲ್ಯಾಣ ಮಂಟಪಗಳಿಂದಲೂ ಹೋಟೆಲುಗಳಿಂದಲೂ ಪರವಾನಗಿ ಹಣ ಕೇಳುವ ಬಗ್ಗೆ ದೂರುಗಳು ಹೆಚ್ಚಿದಾಗ ಕೇಂದ್ರ ಸರ್ಕಾರ 2023ರ ಜುಲೈಯಲ್ಲಿ ಸಾರ್ವಜನಿಕ ಪ್ರಕಟಣೆ ಹೊರಡಿಸಿ ಇದನ್ನೇ ಮತ್ತೆ ಹೇಳಿತು. ವಾಣಿಜ್ಯ ಕಾರ್ಯಕ್ರಮ, ಹೊಸ ವರ್ಷದ ಟಿಕೆಟ್ ಪಾರ್ಟಿ ಇವಕ್ಕೆ ಈ ರಿಯಾಯಿತಿ ಇಲ್ಲ. ಮದುವೆಯ ವಿಡಿಯೊವನ್ನು ಯೂಟ್ಯೂಬಿಗೆ ಹಾಕಿದಾಗ ಅಕ್ಷತೆಯ ಹೊತ್ತಿನ ಸದ್ದು ಮಾಯವಾಗುವುದಕ್ಕೆ ಕಾರಣ ಬೇರೆ. ಅಲ್ಲಿ ಕೆಲಸ ಮಾಡುವುದು ಕಂಟೆಂಟ್ ಐಡಿ ಎಂಬ ಸ್ವಯಂಚಾಲಿತ ವ್ಯವಸ್ಥೆ. ಹಕ್ಕುದಾರರು ಕೊಟ್ಟ ಮಾದರಿಯೊಂದಿಗೆ ಹಿನ್ನೆಲೆಯ ಹಾಡು ಹೊಂದಿದರೆ ಸಾಕು, ಅವರು ಮೊದಲೇ ಆರಿಸಿಟ್ಟಂತೆ ವಿಡಿಯೊಕ್ಕೆ ತಡೆ ಬೀಳಬಹುದು ಅಥವಾ ಅದರ ಜಾಹೀರಾತಿನ ಹಣ ಅವರಿಗೆ ಹೋಗಬಹುದು.

ಹಳೆಯ ತಟ್ಟೆಗಳ ಲೆಕ್ಕ

ಹಕ್ಕುಸ್ವಾಮ್ಯ ಶಾಶ್ವತವಲ್ಲ. ಧ್ವನಿಮುದ್ರಿಕೆ ಮತ್ತು ಸಿನಿಮಾಗಳಿಗೆ, ಪ್ರಕಟವಾದ ವರ್ಷದ ನಂತರದ ಜನವರಿಯಿಂದ 60 ವರ್ಷ. ಸಾಹಿತಿ ಮತ್ತು ಸಂಯೋಜಕರ ಹಕ್ಕು ಅವರ ಜೀವಿತಾವಧಿ ಮತ್ತು ಮರಣದ ನಂತರದ 60 ವರ್ಷ. ಮೊದಲು ಇದು 50 ಇತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಟ್ಯಾಗೋರರ ಕೃತಿಗಳ ಅವಧಿ ಮುಗಿಯುತ್ತ ಬಂದಾಗ 60ಕ್ಕೆ ಏರಿಸಲಾಯಿತು.

ಈ ಭಾಗದಲ್ಲಿ ಈ ಲೆಕ್ಕಕ್ಕೆ ನಿಜವಾದ ಬೆಲೆ ಇದೆ, ಏಕೆಂದರೆ ಹಳೆಯ ಹಿಂದುಸ್ತಾನಿ ಸಂಗೀತದ ಗ್ರಾಮಫೋನ್ ತಟ್ಟೆಗಳು ಇಲ್ಲಿನ ಮನೆಗಳ ಅಟ್ಟದಲ್ಲಿ ಇನ್ನೂ ಸಿಗುತ್ತವೆ. ಗಂಗೂಬಾಯಿ ಹಾನಗಲ್ ಅವರು 1930ರ ದಶಕದಲ್ಲಿ 'ಗಾಂಧಾರಿ ಹುಬ್ಬಳ್ಳಿ' ಎಂಬ ಹೆಸರಿನಲ್ಲಿ ಹಾಡಿದ ಮೂರು ನಿಮಿಷದ ತಟ್ಟೆಗಳ ಧ್ವನಿಮುದ್ರಿಕೆಯ ಹಕ್ಕು ಎಂದೋ ಮುಗಿದಿದೆ. 1964ರವರೆಗೆ ಪ್ರಕಟವಾದ ಮುದ್ರಿಕೆಗಳೆಲ್ಲ 2024ರ ಕೊನೆಗೆ ಈ ಗೆರೆ ದಾಟಿವೆ. ಆದರೆ ಸಾಹಿತ್ಯದ ಹಕ್ಕನ್ನು ಬೇರೆಯಾಗಿ ಎಣಿಸಬೇಕು. ದ. ರಾ. ಬೇಂದ್ರೆಯವರು ತೀರಿಕೊಂಡದ್ದು 1981ರ ಅಕ್ಟೋಬರಿನಲ್ಲಿ. ಅವರ ಕವಿತೆಗಳ ಹಕ್ಕು 2041ರ ಡಿಸೆಂಬರ್ 31ರವರೆಗೆ ಜೀವಂತವಾಗಿರುತ್ತದೆ. ಹಾಗಾಗಿ ಅವರ ಕವಿತೆಯ ಹಳೆಯ ಮುದ್ರಿಕೆಯೊಂದು ಅವಧಿ ಮೀರಿದ್ದರೂ ಅದನ್ನು ಇಂಟರ್ನೆಟ್ಟಿಗೆ ಏರಿಸುವವರು ಕವಿಯ ಹಕ್ಕುದಾರರ ಒಪ್ಪಿಗೆ ಪಡೆಯಬೇಕಾಗುತ್ತದೆ. ಮನೆಯಲ್ಲಿ ಕೇಳಲು, ಬೂಸಲು ಹಿಡಿಯುತ್ತಿರುವ ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿಕೊಳ್ಳಲು ಈ ತೊಡಕು ಇಲ್ಲ.

ಗ್ರಾಹಕನ ಕೈಯಲ್ಲಿ ಇರುವುದು

ಚಂದಾ ಕಟ್ಟುವ ಮೊದಲು ನೋಡಬೇಕಾದದ್ದು ಬೆಲೆಯನ್ನಷ್ಟೇ ಅಲ್ಲ. ಎಷ್ಟು ಸಾಧನಗಳಿಗೆ ಅವಕಾಶವಿದೆ, ತಮ್ಮ ಫೋನಿನ ಮಟ್ಟ ಎಲ್1 ಹೌದೇ, ಡೌನ್‌ಲೋಡ್ ಎಷ್ಟು ದಿನ ಉಳಿಯುತ್ತದೆ, ಟಿವಿಗೆ ಜೋಡಿಸಲು ಬಿಡುತ್ತಾರೆಯೇ ಎಂಬುದು ಸೇವೆಯ ಸಹಾಯ ಪುಟದಲ್ಲಿ ಸಾಮಾನ್ಯವಾಗಿ ಇರುತ್ತದೆ. ಇಟ್ಟುಕೊಳ್ಳಲೇಬೇಕೆನಿಸುವ ಹಾಡುಗಳಿಗೆ ಸಿಡಿ ಅಥವಾ ಬೀಗವಿಲ್ಲದ ಡೌನ್‌ಲೋಡ್ ಸಿಗುವುದಾದರೆ ಅದನ್ನು ಕೊಳ್ಳುವುದು ಲೇಸು. ಸಿಡಿಗಳು ಮನೆಯ ಉಳಿದ ಸಾಮಾನಿನಂತೆ ಮಕ್ಕಳಿಗೆ ಹೋಗುತ್ತವೆ. ಖಾತೆಯನ್ನು ಇನ್ನೊಬ್ಬರಿಗೆ ವರ್ಗಾಯಿಸಲು ಹೆಚ್ಚಿನ ಸೇವೆಗಳ ಷರತ್ತುಗಳು ಬಿಡುವುದಿಲ್ಲ.

ಹೇಳಿದ್ದೊಂದು ಕೊಟ್ಟದ್ದೊಂದು ಆದಾಗ, ಉದಾಹರಣೆಗೆ ಎಚ್‌ಡಿ ಎಂದು ಹಣ ಪಡೆದು ಮಸುಕು ಚಿತ್ರ ಕೊಟ್ಟು ಸಾಧನದ ಮಿತಿಯನ್ನು ಎಲ್ಲೂ ತಿಳಿಸದೇ ಇದ್ದಾಗ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಮೊರೆ ಹೋಗಬಹುದು. ಇ-ವಾಣಿಜ್ಯದ ವ್ಯಾಖ್ಯೆಯೊಳಗೆ ಡಿಜಿಟಲ್ ಉತ್ಪನ್ನಗಳನ್ನು ಅದು ಹೆಸರಿಸಿಯೇ ಸೇರಿಸಿದೆ. ಮೊದಲು ಸಂಸ್ಥೆಗೆ ಇಮೇಲ್ ಬರೆದು ಉತ್ತರವನ್ನು ಉಳಿಸಿಕೊಳ್ಳಬೇಕು, ಆಮೇಲೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಅಲ್ಲೂ ತೀರದಿದ್ದರೆ ಜಿಲ್ಲಾ ಗ್ರಾಹಕರ ಆಯೋಗವಿದೆ; ದೂರುದಾರರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು, ಸಂಸ್ಥೆಯ ಕಚೇರಿ ಮುಂಬೈಯಲ್ಲಿದೆ ಎಂದು ಅಲ್ಲಿಗೆ ಹೋಗಬೇಕಾಗಿಲ್ಲ. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗೆ ಇದ್ದರೆ ದೂರಿಗೆ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ. ಹಣ ಕಟ್ಟಿದ ರಸೀದಿ, ಯೋಜನೆಯ ವಿವರವಿದ್ದ ಪುಟದ ಸ್ಕ್ರೀನ್‌ಶಾಟ್, ಫೋನಿನ ಭದ್ರತಾ ಮಟ್ಟ ತೋರಿಸುವ ಇನ್ನೊಂದು ಸ್ಕ್ರೀನ್‌ಶಾಟ್ ಮತ್ತು ಸಂಸ್ಥೆಯೊಡನೆ ನಡೆದ ಪತ್ರವ್ಯವಹಾರವನ್ನು ದೂರಿನ ಜೊತೆ ಲಗತ್ತಿಸಬೇಕು.